ನಾಲ್ಕು ಸಲ ಮುಚ್ಚಿದ ವಾಲ್ವ್

ವಾಲ್ವ್ ಮತ್ತೆ ಮುಚ್ಚಿಕೊಂಡಿತ್ತು. ಬೆಳಗಿನಿಂದ ಇದು ಮೂರನೆಯ ಸಲ. ಭೂಮಿ ಮಾತ್ರ ಒಂದು ಸಲವೂ ಅಲುಗಿರಲಿಲ್ಲ.

ಓನಿಕ್ ಗೋಡೆಯ ಪಕ್ಕ ಮಂಡಿಯೂರಿ ಹಲ್ಲು ಕಡಿದ. ಅವನೇ ಕೈಯಾರೆ ಕೂರಿಸಿದ ವಾಲ್ವ್. ನೆಲ ಜೋರಾಗಿ ನಡುಗಿದರೆ ಒಳಗಿನ ಉಕ್ಕಿನ ಗುಂಡು ಜಾರಿ ಬಿದ್ದು ಗ್ಯಾಸ್ ತಾನಾಗಿ ನಿಲ್ಲುತ್ತದೆ. ಮೊನ್ನೆಯ ಭೂಕಂಪಕ್ಕೆ ಅರ್ಧ ಗ್ಲೆಂಡೇಲ್ ನಗರದಲ್ಲಿ ಹಾಗೇ ನಿಂತಿತ್ತು, ಸರಿ. ಇವತ್ತಿಗೇನು ರೋಗ? ನಡುಗದ ನೆಲದ ಮೇಲೆ ಗುಂಡು ಬೀಳಬೇಕಾದರೆ ಯಾರೋ ಪೈಪಿಗೆ ಹೊಡೆದಿರಬೇಕು.

ಎಂಟು ಮನೆಗಳ ವಠಾರ ಖಾಲಿ ಬಿದ್ದಿತ್ತು. ಹಿಂದೆ ಆರ್ಮೇನಿಯಾದಲ್ಲಿ ಭೂಕಂಪಕ್ಕೆ ಸ್ಪಿಟಾಕ್ ಪಟ್ಟಣ ಉರುಳಿದ್ದನ್ನು ಕಣ್ಣಾರೆ ಕಂಡು ಇಲ್ಲಿಗೆ ವಲಸೆ ಬಂದ ಮುದುಕಿಯರು, ಸೂರಿನಡಿ ಮಲಗಲಾರೆವೆಂದು ಹಟ ಹಿಡಿದು ಎಲ್ಲರನ್ನೂ ಪಾರ್ಕಿಗೆ ಎಳೆದೊಯ್ದಿದ್ದರು. ಗ್ಯಾಸ್ ಕಂಪನಿಯವರ ಸರದಿ ಬರಲು ಇನ್ನೂ ನಾಲ್ಕು ದಿನ. ಮಧ್ಯಾಹ್ನದೊಳಗೆ ಎಂಟು ಒಲೆಯನ್ನೂ ಹಚ್ಚಿಕೊಡುತ್ತೇನೆಂದು ಓನಿಕ್ ಎಲ್ಲರೆದುರು ಮಾತು ಕೊಟ್ಟಿದ್ದ. ಮಾತು ತಪ್ಪಿದರೆ ಪ್ಲಂಬರನಾಗಿ ಮೂವತ್ತು ವರ್ಷದಲ್ಲಿ ಗಳಿಸಿದ ಹೆಸರು ಮಣ್ಣುಪಾಲು.

ಬೆಳಿಗ್ಗೆ, ಅವನು ವಾಲ್ವ್ ತೆರೆಯುವ ಮೊದಲೇ, ಪಕ್ಕದ ಬೀದಿಯ ಪ್ಲಂಬರ್ ಲೆವೊನ್ ಬಂದು ಕೊಂಕು ನುಡಿದಿದ್ದ.

"ತೆರೆದ ಮೇಲೆ ಸೋಪಿನ ನೀರು ಬಳಿದು ನೋಡ್ತೀಯೇನಪ್ಪಾ? ಸೋರಿದ್ರೆ ಗುಳ್ಳೆ ಏಳುತ್ತೆ."

"ಸೋಪು ನಿನ್ನಂಥ ಎಳಸುಗಳಿಗೆ. ನನಗೆ ಮೂಗಿದೆ."

"ಓಹೋ. ಆ ಮೂಗನ್ನ ನಂಬ್ಕೊಂಡು ಎಂಟು ಮನೆ ಮಕ್ಕಳು ಮಲಗಬೇಕು, ಅಲ್ವಾ?"

ಅಷ್ಟರಲ್ಲಿ ಓನಿಕ್‌ನ ಹೆಂಡತಿ ಶುಶಾನ್ ಪಾರ್ಕಿನಿಂದ ಇಬ್ಬರಿಗೂ ಕಾಫಿ ತಂದಳು. ಲೆವೊನ್ ಒಂದು ಗುಟುಕು ಹೀರಿ ಗಿಡದ ಬುಡಕ್ಕೆ ಉಗಿದ. ಓನಿಕ್‌ಗೆ ಮೈಯೆಲ್ಲ ಉರಿಯಿತು. ಸೊಕ್ಕಿಗೂ ಒಂದು ಮಿತಿ ಬೇಡವೇ? ಅವನಿಗೆ ಕಾಣಲೆಂದೇ ತಾನು ತಳದ ಚರಟದವರೆಗೆ ಕುಡಿದು ಲೋಟ ಕೊಟ್ಟ.

"ಹೇಗಿತ್ತು?" ಎಂದಳು ಶುಶಾನ್.

"ಯಾವಾಗಿನ ಹಾಗೇ."

ಅವಳು ಖಾಲಿ ಲೋಟವನ್ನೊಮ್ಮೆ ಮೂಸಿ, ಅವನ ಮುಖ ನೋಡಿದಳು.

ಲೆವೊನ್‌ದೇ ಕೆಲಸ, ಇನ್ನಾರದು? ಈ ವಠಾರದ ಕೆಲಸ ತನ್ನ ಕೈಗೆ ಬರಲೆಂದು ಅವನು ಬಾಯಿ ಬಿಟ್ಟುಕೊಂಡು ಕೂತಿದ್ದ. ಕಳ್ಳನನ್ನು ಕೈಯಾರೆ ಹಿಡಿಯಬೇಕು.

ಓನಿಕ್ ಸ್ಕ್ರೂಡ್ರೈವರ್ ತಿರುಗಿಸಿ ನಾಲ್ಕನೆಯ ಸಲ ವಾಲ್ವ್ ತೆರೆದ. ಪೈಪಿನುದ್ದಕ್ಕೂ ಮೂಸಿ ನೋಡಿದ. ಶುದ್ಧವಾಗಿತ್ತು. ಒಲೆ ಹಚ್ಚಲು ಹೊರಟವನಂತೆ ಬೆಂಕಿಪೆಟ್ಟಿಗೆ ಗಲಗಲ ಆಡಿಸುತ್ತ ಮೊದಲ ಮನೆಯತ್ತ ನಡೆದು, ಮೂಲೆ ತಿರುಗಿದ್ದೇ ಕಸದ ತೊಟ್ಟಿಗಳ ಹಿಂದೆ ಕೂತುಬಿಟ್ಟ.

ಒಂದು ನಿಮಿಷವೂ ಆಗಿರಲಿಲ್ಲ. ಠಣ್ ಎಂದಿತು.

ಸ್ಪ್ಯಾನರ್ ಎತ್ತಿಕೊಂಡು ಓಡಿದ. ವಾಲ್ವಿನ ಮುಂದೆ ಸುತ್ತಿಗೆ ಹಿಡಿದು ನಿಂತಿದ್ದವಳು ಶುಶಾನ್. ಓನಿಕ್ ಸ್ಪ್ಯಾನರ್ ಕೆಳಗಿಳಿಸಿದ.

"ನೀನಾ?" ಅಂದ. "ಲೆವೊನ್ ಏನಾದ್ರೂ ಹೇಳಿಕೊಟ್ನಾ? ನನ್ನ ಮಾನ ಕಳೀಬೇಕು ಅಂತ್ಲೇ..."

"ನಿನ್ನ ಮಾನ ಉಳೀಲಿ ಅಂತ್ಲೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ." ಅವಳ ಕಣ್ಣು ತುಂಬಿತ್ತು. "ಸೀದು ನಾರ್ತಿದ್ದ ಕಾಫೀನ ಲೆವೊನ್ ಉಗಿದ, ನೀನು ತಳದವರೆಗೂ ಕುಡಿದೆ. ಮೊದಲು ಆ ಬೆಂಕಿಪೆಟ್ಟಿಗೆ ಈ ಕಡೆ ಕೊಡು. ಅಗ್ನಿಶಾಮಕದೋರಿಗೆ ಫೋನ್ ಮಾಡಿದೀನಿ."

"ಯಾತಕ್ಕೆ? ಎಲ್ಲಾ ಸರಿ ಇದೆಯಲ್ಲ."

ಅಷ್ಟರಲ್ಲಿ ಆರನೆಯ ಮನೆಯ ಅರುಸ್ಯಾಕಜ್ಜಿ ಕಂಬಳಿ ಒಯ್ಯಲು ಮೊಮ್ಮಗಳ ಕೈ ಹಿಡಿದು ಗೇಟು ದಾಟಿ ಬಂದಳು. ಎರಡು ಹೆಜ್ಜೆ ಇಟ್ಟವಳು ಗಕ್ಕನೆ ನಿಂತು, ತಲೆವಸ್ತ್ರ ಎಳೆದು ಮಗುವಿನ ಮೂಗು ಬಾಯಿ ಮುಚ್ಚಿದಳು. "ಗ್ಯಾಸು ಹೀಗೆ ಗಬ್ ಅಂತ ಹೊಡೀತಿದೆ, ನೀವಿಬ್ರೂ ಇಲ್ಲೇನು ಮಾಡ್ತಿದೀರಿ? ಹೊರಗೆ ಬನ್ನಿ" ಎಂದವಳೇ ಮಗುವನ್ನೆತ್ತಿಕೊಂಡು ಬೀದಿಗೆ ಓಡಿದಳು.

ಓನಿಕ್ ಎದೆ ತುಂಬ ಉಸಿರೆಳೆದ, ಮತ್ತೊಮ್ಮೆ ಎಳೆದ. ಯಾವ ವಾಸನೆಯೂ ಇರಲಿಲ್ಲ.