ಬಿಸಿ ಉಣ್ಣೆಗೆ ತಣ್ಣೀರು

ವಿನೆಗರ್ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಚಾಮರಾಜಪೇಟೆಯ ನಮ್ಮ ಹಿತ್ತಿಲಿನ ಆ ಮಧ್ಯಾಹ್ನ ಈಗಲೂ ಮೂಗಿಗೆ ಬಡಿಯುತ್ತದೆ.

ಗಂಡನ ಮನೆ ಬಿಟ್ಟು ಬಂದಿದ್ದ ನನ್ನ ಅತ್ತೆ, ಅಪ್ಪನ ತಂಗಿ, ನೂಲುವವರಿಗೆ ಮಾರಲೆಂದು ಉಣ್ಣೆಗೆ ಬಣ್ಣ ಹಾಕುವುದನ್ನು ಕಲಿಯುತ್ತಿದ್ದಳು. ಮೊದಲ ಸಲ ಅವಸರಪಟ್ಟು ಬಿಸಿ ಉಣ್ಣೆಗೆ ತಣ್ಣೀರು ಸುರಿದಿದ್ದಳು. ಹೂವಿನಂತಿದ್ದದ್ದು ಬಿಗಿದು ಗಟ್ಟಿಯಾಯಿತು. ಅಜ್ಜಿ ಅದನ್ನು ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ ಮಾಡಿಕೊಂಡಳು.

ಅಂದು ವಿನೆಗರ್ ಬೆರೆಸಿದ ಬಣ್ಣದಲ್ಲಿ ಉಣ್ಣೆ ಕುದಿಸಿದ ಪಾತ್ರೆಯನ್ನು ಒಲೆಯಿಂದ ಇಳಿಸುವಾಗಲೇ ಮಾವ ಬಂದರು, ಅತ್ತೆಯನ್ನು ಕರೆದೊಯ್ಯಲು. ಕಾಫಿಯನ್ನೂ ಮುಟ್ಟದೆ ನಡುಮನೆಯಲ್ಲಿ ಕೂತು ಕೆಮ್ಮುತ್ತಿದ್ದರು. ಒಂದೊಂದು ಕೆಮ್ಮಿಗೂ ಅತ್ತೆ ಬೆಚ್ಚುತ್ತಿದ್ದಳು.

ಅಜ್ಜಿ ತಣ್ಣೀರಿನ ಬಕೆಟ್ ತಂದಳು. "ಇದಕ್ಕಿಷ್ಟು ನೀರು ಹಾಕಿ ಬೇಗ ಹೊರಡೇ. ಅಳಿಯಂದ್ರು ಕಾಯ್ತಿದಾರೆ."

"ತಾನಾಗೇ ತಣ್ಣಗಾಗ್ಬೇಕಮ್ಮ. ನೀರು ಬಿದ್ರೆ ಎಲ್ಲಾ ಹಾಳಾಗತ್ತೆ."

ಅಜ್ಜಿ ಅದೇ ಮಸಿಬಟ್ಟೆ ಹಿಡಿದು ಮುಚ್ಚಳ ತೆಗೆಯಲು ಬಗ್ಗಿದಳು. ಅತ್ತೆ ಆ ಸುಡುವ ಮುಚ್ಚಳದ ಮೇಲೆ ಎರಡೂ ಅಂಗೈ ಒತ್ತಿದಳು. ಕೈ ತೆಗೆಯಲೇ ಇಲ್ಲ.

ಅಜ್ಜಿ ಮಸಿಬಟ್ಟೆ ಬಿಸಾಡಿ, ಆ ಕೈಗಳನ್ನು ಎಳೆದು ಬಕೆಟ್ಟಿನ ನೀರಿಗೆ ಅದ್ದಿ ಹಿಡಿದುಕೊಂಡಳು. ಹಾಗೆ ಹಿಡಿದುಕೊಂಡೇ ನಡುಮನೆಗೆ ಕೇಳುವಂತೆ ಕೂಗಿದಳು:

"ನೀವು ಹೊರಡಿ ಅಳಿಯಂದ್ರೇ. ಇವಳಿಗೆ ಇಲ್ಲಿ ಕೆಲಸ ಇದೆ."

ಕೆಮ್ಮು ನಿಂತಿತು.