ಎಕೆಹಾರ್ಟನ ಕಾಲ್ಗುಣ

"ನೀನು ಬರ್ಲಿನ್‌ಗೆ ಬರಬೇಡ," ಎಂದಳು ರೋಸ್‌ವಿತಾ, ಟ್ರಾಮಿನ ಮೆಟ್ಟಿಲು ಹತ್ತಿದವಳೇ.

ಟ್ರಾಮ್ ಚಾಲಕ ಎಕೆಹಾರ್ಟ್ ಕೊನೆಯ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ, ಬುತ್ತಿಯಿಂದ ಬ್ರೆಡ್ಡು ತೆಗೆದು ಬಾಯಿಗಿಡುವುದರಲ್ಲಿದ್ದ. ಸಿಗುವುದೇ ಏಳು ನಿಮಿಷದ ಬಿಡುವು. ರೋಸ್‌ವಿತಾಳ ಹಿಂದೆ ಮಾಂಸದಂಗಡಿಯ ಡೀಟ್‌ಮಾರ್ ತಲೆ ತಗ್ಗಿಸಿ ನಿಂತಿದ್ದ. ಈ ಮೂವರೂ ಇಪ್ಪತ್ತೆರಡು ವರ್ಷದಿಂದ ತಮ್ಮೂರು ಕೊರ್ನ್‌ಬೆಕ್ಕಿನ ಫುಟ್‌ಬಾಲ್ ಕ್ಲಬ್ಬಿನ ಮೈದಾನದಲ್ಲಿ, ಕುರ್ಚಿಯಿಲ್ಲದ ದಕ್ಷಿಣದ ಕಟ್ಟೆಯ ಮೇಲೆ, ಒಂದೇ ಕಂಬಿಗೆ ಆತು ನಿಂತು ಗಂಟಲು ಹರಿದುಕೊಂಡವರು. ಕ್ಲಬ್ಬು ಹುಟ್ಟಿದ ಮೇಲೆ ಇದೇ ಮೊದಲ ಸಲ ಬರ್ಲಿನ್ನಿನಲ್ಲಿ ನಡೆಯುವ ಕಪ್ ಫೈನಲ್ ತಲುಪಿತ್ತು. ಚೀಟಿ ಎತ್ತಿದಾಗ ಮೂವರಿಗೂ ಟಿಕೆಟ್ ಬಂದಿತ್ತು. ಎಕೆಹಾರ್ಟ್ ಡಿಪೋದ ಮೇಲಧಿಕಾರಿಯ ಕೈಕಾಲು ಹಿಡಿದು ಶನಿವಾರದ ರಜೆ ಗಿಟ್ಟಿಸಿದ್ದ.

"ಯಾಕೆ ಬರಬಾರ್ದು?"

"ಕೇಳಿಸ್ಕೋ," ಎಂದಳು ರೋಸ್‌ವಿತಾ. ನಿವೃತ್ತ ಗಣಿತದ ಟೀಚರು. "ಈ ವರ್ಷ ಲೀಗ್‌ನಲ್ಲಿ ನಮ್ಮ ಮೈದಾನದಲ್ಲಿ ಹದಿನೇಳು ಆಟ. ಹದಿನೇಳಕ್ಕೂ ನೀನಿದ್ದೆ. ಹದಿನಾಲ್ಕು ಸೋಲು, ಮೂರು ಸಮ. ನೀನಿಲ್ಲದ ಪರವೂರಲ್ಲಿ ಐದು ಗೆದ್ವಿ. ಇನ್ನು ಕಪ್ ಆಟ ಬಂದಾಗೆಲ್ಲ ನಿಂಗೆ ಸಂಜೆ ಪಾಳಿ. ಐದಕ್ಕೆ ಐದೂ ಗೆದ್ವಿ. ದೇಶಕ್ಕೇ ದೊಡ್ಡ ಟೀಮು ಮ್ಯೂನಿಕ್‌ನೋರನ್ನೂ ಸೇರಿಸಿ."

"ಟೀಚರಮ್ಮ, ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು, ಅಷ್ಟೆ!"

"ಹದಿನೇಳು ಸಲ ಕೂತ್ಕೊಳ್ಳೋ ಕಾಗೇನಾ ಮಾರಾಯಾ?" ಎಂದ ಡೀಟ್‌ಮಾರ್. "ನಿನ್ನ ಮೇಲೆ ಸಿಟ್ಟಿಲ್ಲ ಎಕೆ. ನಿನ್ನ ಕಾಲ್ಗುಣ ಒಂಚೂರು... ಅಷ್ಟೇ."

"ಆಡೋಕೆ ಬರದ ಹನ್ನೊಂದು ಜನ ಒಳಗಿದಾರೆ, ಅಪವಾದ ನನ್ನ ಕಾಲಿಗಾ? ಗೋಲ್‌ಕೀಪರ್ ಗಾಳಿಪಟ ನೋಡೋ ಹಾಗೆ ಚೆಂಡು ನೋಡ್ತಾ ನಿಲ್ತಾನಲ್ಲ, ಅವನ್ನ ಬರಬೇಡ ಅನ್ನಿ!"

ಡೀಟ್‌ಮಾರ್ ಕೆಮ್ಮಿ, "ಟಿಕೆಟ್ ಏನೂ ದಂಡ ಆಗಲ್ಲ ಬಿಡು. ನಮ್ಮ ಭಾವಮೈದ ಇದಾನಲ್ಲ ಬುರ್ಕ್‌ಹಾರ್ಟ್, ಅವನು ಬರ್ತಾನಂತೆ," ಎಂದ. ನಾಚಿಕೆಯಿಂದ ಅವನ ಕಿವಿ ಅವನಂಗಡಿಯ ಹಂದಿಮಾಂಸದಂತೆ ಕೆಂಪಾಗಿತ್ತು.

ಎಕೆಹಾರ್ಟ್ ಅವರನ್ನು ಕೆಳಗಿಳಿಸಿ ಬಾಗಿಲು ಹಾಕಿಕೊಂಡ. ಬ್ರೆಡ್ಡನ್ನು ತಿನ್ನದೆ ಬುತ್ತಿಗೇ ಹಾಕಿದ. ಹದಿನೇಳಕ್ಕೆ ಸೊನ್ನೆ. ಕಳೆದ ಶನಿವಾರ, ಆಟ ಮುಗಿಯಲು ಅರ್ಧ ನಿಮಿಷವಿದ್ದಾಗ, ಅವನು ಕಣ್ಣಿಗೆ ಬಿದ್ದ ದೂಳು ಒರೆಸಿಕೊಳ್ಳುತ್ತಿದ್ದಾಗಲೇ ಗೋಲು ಬಿದ್ದು ಕ್ಲಬ್ಬು ಲೀಗ್‌ನಲ್ಲಿ ಎರಡನೇ ದರ್ಜೆಗೆ ಇಳಿದಿತ್ತು. ಮನುಷ್ಯನಿಗೆ ಇದಕ್ಕಿಂತ ಸಾಕ್ಷಿ ಬೇಕೆ? ಪಾಪ, ಮೂರು ರಾತ್ರಿ ಹೊರಳಾಡಿದ. ಶುಕ್ರವಾರ ಬೆಳಿಗ್ಗೆ ಟಿಕೆಟ್ಟನ್ನು ಮಾಂಸದಂಗಡಿಯ ಗಲ್ಲಾದ ಮೇಲಿಟ್ಟು, ತಾನೇ ಹೋಗಿ ಶನಿವಾರದ ಸಂಜೆ ಪಾಳಿ ಬರೆಸಿಕೊಂಡ. ಟಿಕೆಟ್ಟಿನ ಬದಲಿಗೆ, ಎಕೆಹಾರ್ಟ್ ಬೇಡಬೇಡವೆಂದರೂ, ಡೀಟ್‌ಮಾರ್ ಕಾಲು ಕಿಲೋ ಸಾಸೇಜು ಕಟ್ಟಿಕೊಟ್ಟಿದ್ದ.

ಶನಿವಾರ ಸಂಜೆ ಎಂಟಕ್ಕೆ ಆಟ ಶುರುವಾದಾಗ ಕೊರ್ನ್‌ಬೆಕ್ಕಿನ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಕೆಹಾರ್ಟ್ ಕೊರಳಿಗೆ ಕ್ಲಬ್ಬಿನ ನೀಲಿ-ಬಿಳಿ ಶಾಲು ಸುತ್ತಿಕೊಂಡು ಖಾಲಿ ಟ್ರಾಮನ್ನು ಸಮಯಕ್ಕೆ ಸರಿಯಾಗಿ ಅತ್ತಿಂದಿತ್ತ ಓಡಿಸುತ್ತಿದ್ದ. ಚಾಲಕನ ಗೂಡಿನಲ್ಲಿ ರೇಡಿಯೋ ಹಾಕುವಂತಿಲ್ಲ. ಆದರೆ ಕಂಟ್ರೋಲ್ ರೂಮಿನ ಪುಣ್ಯಾತ್ಮ ವೈರ್‌ಲೆಸ್‌ನಲ್ಲಿ ಸುದ್ದಿ ಕೊಡುತ್ತಿದ್ದ.

"ಎಲ್ಲಾ ಗಾಡಿಗಳ ಗಮನಕ್ಕೆ. ಗೋಲು ಬಿತ್ತು. ನಮ್ಮದಲ್ಲ."

ಎಕೆಹಾರ್ಟನ ಎದೆ ಧಸಕ್ಕೆಂದಿತು. ಇದು ಅಪ್ಪಟ ಅಭಿಮಾನಿಯ ನೋವೇ, ಸುಳ್ಳಲ್ಲ. ಎರಡನೆಯದು ಬಿದ್ದಾಗಲೂ ನೋವಾಯಿತು, ಆದರೆ ಜೊತೆಗೆ ಇನ್ನೊಂದು ಯೋಚನೆ ನುಸುಳಿತು: ನಾನು ಅಲ್ಲಿಲ್ಲವಲ್ಲ! ಮೂರನೆಯದಕ್ಕೆ ಅವನು ಸೀಟಿನಲ್ಲಿ ನೆಟ್ಟಗೆ ಕೂತ. ಇನ್ನು ಇಪ್ಪತ್ತು ನಿಮಿಷ. ಕೊರ್ನ್‌ಬೆಕ್ಕಿಗೊಂದು ಪೆನಾಲ್ಟಿ ಸಿಕ್ಕಿತೆಂದು ವೈರ್‌ಲೆಸ್ ಕಿರುಚಿದಾಗ, ಇಪ್ಪತ್ತೆರಡು ವರ್ಷ ಆ ಕ್ಲಬ್ಬಿಗಾಗಿ ಉಪವಾಸ ಕೂತಿದ್ದ ಮನುಷ್ಯ ಹಲ್ಲು ಕಚ್ಚಿ, "ಹೊರಗೆ ಹೊಡಿ, ಹೊರಗೆ ಹೊಡಿ," ಎಂದು ಗೊಣಗಿದ. ಹೊರಗೇ ಹೋಯಿತು. ಅವನಿಗೆ ತನ್ನ ಬಗ್ಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಖುಷಿಯಾಯಿತು.

ನಾಲ್ಕು-ಸೊನ್ನೆಗೆ ಆಟ ಮುಗಿಯಿತು. ಎಕೆಹಾರ್ಟ್ ಹೆಬ್ಬೆರಳಿನಿಂದ ಗಂಟೆಯ ಗುಂಡಿ ಒತ್ತಿ ಹಿಡಿದುಬಿಟ್ಟ. ಸಾವಿನ ಮನೆಯಂತಿದ್ದ ಬೀದಿಯುದ್ದಕ್ಕೂ ಟ್ರಾಮು ಟಣಟಣ ಬಾರಿಸುತ್ತ ಸಾಗಿತು. ಒಂದೆರಡು ಕಿಟಕಿ ತೆರೆದವು, ಬೈಗುಳ ಕೇಳಿಸಿತು, ಅವನು ಅವರಿಗೆಲ್ಲ ಕೈ ಬೀಸಿದ. ನನ್ನ ಕಾಲ್ಗುಣ ಅಲ್ಲ, ನನ್ನದಲ್ಲವೇ ಅಲ್ಲ! ಇಷ್ಟು ಹಗುರಾಗಿ ಅವನು ಯಾವತ್ತೂ ಉಸಿರಾಡಿರಲಿಲ್ಲ.

ಆಸ್ಪತ್ರೆಯ ನಿಲ್ದಾಣದಲ್ಲಿ ಆ ಸಂಜೆಯ ಮೊದಲ ಪ್ರಯಾಣಿಕಳು ಹತ್ತಿದಳು. ಎಂಬತ್ತರ ಮುದುಕಿ, ಕಾಯಿಲೆಯ ಅಕ್ಕನನ್ನು ನೋಡಿ ಬರುತ್ತಿದ್ದವಳು. ಅವಳ ಕೋಟಿನ ಮೇಲೂ ನೀಲಿ-ಬಿಳಿ ಬಿಲ್ಲೆಯಿತ್ತು. ಗಂಟೆಯ ಸದ್ದಿಗೆ ಅವಳ ಮುಖ ಆಗಲೇ ಅರಳಿತ್ತು.

"ಗೆದ್ವೇನಪ್ಪಾ?"

"ಇಲ್ಲಮ್ಮಾ, ಸೋತ್ವಿ!" ಎಂದ ಎಕೆಹಾರ್ಟ್, ಮದುಮಗನ ಹಾಗೆ ನಗುತ್ತ. "ನಾಲ್ಕು-ಸೊನ್ನೆ!"

ಮುದುಕಿ ಅವನ ಮುಖ ನೋಡಿದಳು. ಶಾಲು ನೋಡಿದಳು. ಮತ್ತೆ ಮುಖ ನೋಡಿದಳು. ಆಮೇಲೆ ಹಿಂದಿನ ಸೀಟಿಗೆ ಹೋಗಿ ಕೂತು, ಬೇಸರದಿಂದ ಕೇಳಿದಳು:

"ನೀನು ಎದುರಾಳಿ ಕಡೆಯೋನಾ?"