ಅತ್ತೆ ಹೇಳಿದ ಕಾಯಿಲೆ

ತಿಪಟೂರಿನ ಗುರುಸಿದ್ದಮ್ಮನವರಿಗೆ ಒಂದು ಹೆಮ್ಮೆ... ಮನೆಯಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುವುದು ತಾವೇ, ಡಾಕ್ಟರ್ ಷಡಕ್ಷರಿಯವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದೂ ತಾವೇ.

ಪೇಶೆಂಟ್ ಬಾಯಿ ತೆರೆಯುವಷ್ಟರಲ್ಲಿ ಮಾತ್ರೆ ಚೀಟಿ ರೆಡಿ!

ಮಾವನವರ ಕಾಲದಿಂದ ಬಂದ ಪರಿಚಯ... "ನೀವು ಸ್ವಲ್ಪ ಹೊರಗೆ ಕೂತಿರಿ" ಎನ್ನಲು ಡಾಕ್ಟರಿಗೂ ಸಂಕೋಚ.

ಒಂದು ದಿನ ಸೊಸೆ ಕುಸುಮ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು... ಎದೆಯಲ್ಲೊಂದು ಗಂಟು ಕೈಗೆ ಸಿಗುತ್ತಿದೆ, ತೋರಿಸಬೇಕು ಎಂದು.

"ಗಂಡಸು ಡಾಕ್ಟ್ರ ಮುಂದೆ ಅದನ್ನೆಲ್ಲ ಹೇಳ್ತಾರೇನೇ? ನಾನು ಹೇಳ್ಕೋತೀನಿ, ನೀನು ಸುಮ್ನಿರು."

ಕ್ಲಿನಿಕ್ಕಿನಲ್ಲಿ ಹೇಳಿದ್ದು ಬೇರೆ.

"ಏನಿಲ್ಲ ಡಾಕ್ಟ್ರೇ... ನಿಶ್ಶಕ್ತಿ. ಒಂದು ಟಾನಿಕ್ ಬರ್ಕೊಡಿ."

ಕುಸುಮ ತಲೆ ಎತ್ತಿ ಡಾಕ್ಟರ ಮುಖ ನೋಡಿದಳು. ಡಾಕ್ಟರು ಅತ್ತೆಯ ಮುಖ ನೋಡಿ ಟಾನಿಕ್ ಬರೆದರು.

ಮುಂದಿನ ಸಲವೂ ಟಾನಿಕ್... ಅದರ ಮುಂದಿನ ಸಲವೂ ಅದೇ.

ಕೊನೆಗೆ ದೊಡ್ಡಾಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಾಯಿಲೆ ಕೈಮೀರಿತ್ತು. ಕುಸುಮ ಉಳಿಯಲಿಲ್ಲ.

"ಅವಳ ಹಣೆಬರಹ" ಎಂದು ಗುರುಸಿದ್ದಮ್ಮ ಕಣ್ಣೊರೆಸಿಕೊಂಡರು. ವರ್ಷ ತುಂಬುತ್ತಲೇ ಮಗನಿಗೆ ಇನ್ನೊಂದು ಮದುವೆ ಮಾಡಿದರು.

ಹೊಸ ಸೊಸೆ ಚೈತ್ರಳಿಗೂ ಪಾಠವಾಯಿತು... ಮನೆಯ ಮಾನ ಹೋಗುವಂಥದ್ದನ್ನು ಡಾಕ್ಟರ ಮುಂದೆ ಆಡಬಾರದು. ಹುಡುಗಿ ಬೇಗ ಕಲಿತಳು.

ಆಮೇಲೆ ಗುರುಸಿದ್ದಮ್ಮನವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋದವು... ಮಾತೂ ಹೋಯಿತು. ಬುದ್ಧಿ ಮಾತ್ರ ಚುರುಕಾಗಿಯೇ ಉಳಿಯಿತು.

ಮಲಗಿ ಮಲಗಿ ಬೆನ್ನ ಕೆಳಗೆ ಹುಣ್ಣಾಯಿತು. ಉರಿಯಲ್ಲಿ ಜೀವ ಹೋದಂತಾಗುತ್ತಿತ್ತು. ಸೀರೆ ಬದಲಿಸುವಾಗ ಚೈತ್ರ ನೋಡಿದಳು... ಪೌಡರ್ ಹಾಕಿ ಮುಚ್ಚಿದಳು.

ಮತ್ತೆ ಅದೇ ಕ್ಲಿನಿಕ್. ಈಗ ವೀಲ್‌ಚೇರಿನಲ್ಲಿ ಗುರುಸಿದ್ದಮ್ಮ.

"ಅಮ್ಮ ಹೇಗಿದಾರೆ?" ಡಾಕ್ಟರು ಕೇಳಿದ್ದು ಚೈತ್ರಳನ್ನು.

ಹುಣ್ಣಿನ ವಿಷಯ ಗೊತ್ತಾದರೆ ಸೊಸೆ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎನ್ನುತ್ತಾರಲ್ಲ...

"ಚೆನ್ನಾಗಿದಾರೆ ಡಾಕ್ಟ್ರೇ. ಸ್ವಲ್ಪ ನಿಶ್ಶಕ್ತಿ, ಅಷ್ಟೆ."

ಆ ಮಾತು ಗುರುಸಿದ್ದಮ್ಮನವರಿಗೆ ಚೆನ್ನಾಗಿ ಗೊತ್ತಿತ್ತು. ಕುಸುಮ ಆವತ್ತು ತಲೆ ಎತ್ತಿದ್ದು ಯಾಕೆಂಬುದೂ ಈಗ ಗೊತ್ತಾಯಿತು.

ಎಡಗೈಯಿಂದ ಡಾಕ್ಟರ ತೋಳು ಹಿಡಿದರು... ಬಿಡಲೇ ಇಲ್ಲ. ಕಣ್ಣೀರು ಕೆನ್ನೆಯ ಮೇಲೆ ಇಳಿಯುತ್ತಲೇ ಇತ್ತು.

ಚೈತ್ರ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನಕ್ಕಳು.

"ನಿಮ್ಮನ್ನ ಕಂಡ್ರೆ ಹಿಂಗೇ ಡಾಕ್ಟ್ರೇ... ಅತ್ತೆಗೆ ನಿಮ್ಮ ಮೇಲೆ ಅಷ್ಟು ಅಭಿಮಾನ."

ಡಾಕ್ಟರಿಗೆ ಖುಷಿಯಾಯಿತು. ಟಾನಿಕ್ ಬರೆದರು.

ನೋವು ಯಾರದೋ, ಅದನ್ನು ಹೇಳುವ ಬಾಯಿಯೂ ಅವರದೇ ಆಗಿರಲಿ.

ಕಳೆದ ಸಲ ಡಾಕ್ಟರ ಮುಂದೆ ನಿಮ್ಮ ಮನೆಯವರ ಪರವಾಗಿ ನೀವೇ ಮಾತಾಡಿದಿರಲ್ಲ... ಅವರು ಹೇಳಬೇಕೆಂದಿದ್ದು ಏನೆಂದು ಒಮ್ಮೆಯಾದರೂ ಕೇಳಿದ್ದೀರಾ?